ಮುನೇಶ್ವರನ ದಾರ, ನಾಲಿಗೆ ಕೆಳಗಿನ ಮಾತ್ರೆ

ನಿಮ್ಮಪ್ಪ ಎರಡು ಸಲ ಜೈಲಿಗೆ ಹೋದ. ಮೊದಲನೇ ಸಲ ಪೊಲೀಸರು ಕರೆದುಕೊಂಡು ಹೋದರು. ಎರಡನೇ ಸಲ ನಾನೇ ಕರೆದುಕೊಂಡು ಹೋದೆ. ಊರಿನವರು ನಿಮಗೆ ಎರಡನೆಯದನ್ನು ಮಾತ್ರ ಹೇಳಿರುತ್ತಾರೆ. ಹೆತ್ತವಳೇ ಮಗನನ್ನು ಜೈಲಿಗೆ ದಬ್ಬಿದಳು ಅನ್ನುವಾಗ ಅವರಿಗೆ ಹಬ್ಬದೂಟ ಉಂಡಷ್ಟು ಸುಖ. ಅವರು ಹೇಳುವುದು ಸುಳ್ಳಲ್ಲ, ಪೂರ್ತಿಯೂ ಅಲ್ಲ. ನಾಲ್ಕು ಜನರೆದುರು ಮಾತಾಡುವವಳಲ್ಲ ನಾನು, ಅದು ನಿಮಗೂ ಗೊತ್ತು. ನಮ್ಮೂರ ಕನ್ನಡ ಶಾಲೆಯಲ್ಲಿ ಐದನೇ ಕ್ಲಾಸು ಮುಗಿಸಿದ್ದೇನೆ, ಬರೆಯಲು ಅಷ್ಟು ಸಾಕು. ನಮ್ಮೂರು ತಮಿಳುನಾಡಿಗೆ ಸೇರಿದ್ದು, ನೀವು ಈಗ ಓದುವುದು ತಮಿಳು ಶಾಲೆ. ನಾನು ಕಲಿಸಿದ ಕನ್ನಡ ಅಕ್ಷರ ಮರೆಯದಿದ್ದರೆ ದೊಡ್ಡವರಾದ ಮೇಲೆ ಓದಿಕೊಳ್ಳಿ.

ನಿಮ್ಮಪ್ಪ ಬಾಗಲೂರು ಕಡೆ ಗ್ರಾನೈಟ್ ಕಲ್ಲು ಕೊಯ್ಯುವಲ್ಲಿ ಲೋಡಿಂಗ್ ಕೆಲಸಕ್ಕಿದ್ದ. ಒಂದು ದಿನ ಚಪ್ಪಡಿ ಎತ್ತುವಾಗ ಸೊಂಟ ಹಿಡಿಯಿತು. ಮನೆಯಲ್ಲಿ ಮಲಗಿದರೆ ಕಾಂಟ್ರಾಕ್ಟಿನವನು ಬೇರೆಯವನನ್ನು ಕರೆಯುತ್ತಾನೆ. ಜೊತೆಯಲ್ಲಿದ್ದವನೊಬ್ಬ ಮಾತ್ರೆ ಕೊಟ್ಟ. ಅದು ನಾವು ತಲೆನೋವಿಗೆ ನುಂಗುವ ಮಾತ್ರೆಯಲ್ಲ, ಅಫೀಮಿನ ಜಾತಿಯದು. ನೋವು ಹೋಯಿತು, ಅದರ ಜೊತೆಗೆ ಮನೆಯ ಯೋಚನೆಯೂ ಹೋಯಿತು. ಸೊಂಟ ವಾಸಿಯಾದ ಮೇಲೂ ಅವನು ಮಾತ್ರೆ ಬಿಡಲಿಲ್ಲ. ನುಂಗುವುದು ಸಾಲದೆ ಕರಗಿಸಿ ಸೂಜಿಯಲ್ಲಿ ಹಾಕಿಕೊಳ್ಳಲು ಶುರುಮಾಡಿದ. ಬೇಸಿಗೆಯಲ್ಲೂ ತುಂಬು ತೋಳಿನ ಅಂಗಿ. ಕೇಳಿದರೆ ಕಲ್ಲಿನ ಧೂಳು ಅನ್ನುತ್ತಿದ್ದ. ನಿಮ್ಮಮ್ಮನಿಗೆ ನನಗಿಂತ ಮೊದಲೇ ಗೊತ್ತಾಗಿತ್ತು. ಅವಳು ಅವನ ಜೊತೆ ಮಾತು ಬಿಟ್ಟಿದ್ದಳು. ಗಂಡಹೆಂಡಿರ ಜಗಳ ಅಂದುಕೊಂಡು ನಾನು ಅವಳ ಮೇಲೇ ಮುಖ ಗಂಟಿಕ್ಕಿಕೊಂಡಿದ್ದೆ.

ಮಾತ್ರೆ ಕೊಳ್ಳುವುದಕ್ಕೆ ಮಾತ್ರೆ ಮಾರಿದ. ಅದೂ ಸಾಲದಾದಾಗ ನಿಮ್ಮ ದೊಡ್ಡತಾತನ ಬೋರ್‌ವೆಲ್ಲಿನ ಕೇಬಲ್ ಕತ್ತರಿಸಿಕೊಂಡು ಹೋದ, ಒಳಗಿನ ತಾಮ್ರಕ್ಕೆ. ಟೊಮೆಟೊ ಹೂ ಬಿಟ್ಟಿದ್ದ ಕಾಲ, ನೀರಿಲ್ಲದೆ ಅಷ್ಟೂ ಬಾಡಿತು. ದೊಡ್ಡತಾತ ನೇರವಾಗಿ ಪೊಲೀಸರಿಗೆ ಹೇಳಿದರು. ಅವರು ಬಂದು ಹುಡುಕಿದಾಗ ಕೇಬಲ್ ಸಿಗಲಿಲ್ಲ, ಬ್ಯಾಗಿನ ತುಂಬ ಮಾತ್ರೆಯ ಶೀಟುಗಳು ಸಿಕ್ಕವು.

ದೊಡ್ಡತಾತ ಅಂದರೆ ನಿಮ್ಮ ತಾತನ ಅಣ್ಣ, ನನಗೆ ಬಾವ. ನಮ್ಮ ಕಡೆ ಗಂಡನ ಅಣ್ಣನ ಎದುರಿಗೆ ತಮ್ಮನ ಹೆಂಡತಿ ನಿಲ್ಲುವುದಿಲ್ಲ, ಮಾತಾಡುವುದಂತೂ ಇಲ್ಲವೇ ಇಲ್ಲ. ಅವರು ಜಗುಲಿಗೆ ಬಂದರೆ ನಾನು ಸೆರಗು ಹೊದ್ದು ಬಾಗಿಲ ಹಿಂದೆ ಸರಿಯಬೇಕು. ಏನಾದರೂ ಹೇಳಬೇಕಾದರೆ ಅವರ ಹೆಂಡತಿಗೆ ಹೇಳಬೇಕು, ಆ ಅಕ್ಕ ಅವರಿಗೆ ಹೇಳಬೇಕು. ಮದುವೆಯಾಗಿ ಬಂದಾಗಿನಿಂದ ಹೀಗೇ. ನನ್ನಂಥ ನಾಚಿಕೆಯವಳಿಗೆ ಇದು ಅನುಕೂಲವಾಗಿಯೇ ಇತ್ತು. ಆದರೆ ಅಕ್ಕನ ಬಾಯಿ ಒಂದು ಜರಡಿ. ನಾನು ಹೇಳಿದ್ದರಲ್ಲಿ ಅವಳಿಗೆ ಬೇಡದ್ದೆಲ್ಲ ಒಳಗೇ ಉಳಿದು, ಬೇಕಾದ್ದು ಮಾತ್ರ ಕೆಳಗೆ ಬೀಳುತ್ತಿತ್ತು.

ಜೈಲು ಸೇಲಂ ದಾರಿಯಲ್ಲಿತ್ತು, ದೊಡ್ಡದು. ಒಳಗಿರುವವರನ್ನು ನೋಡಬೇಕಾದರೆ ಮನು ಹಾಕಬೇಕು, ಅಂದರೆ ಅರ್ಜಿ. ಎಲ್ಲ ತಮಿಳಿನಲ್ಲಿ. ನನಗೆ ತಮಿಳು ಕಿವಿಗೆ ಸ್ವಲ್ಪ ಹತ್ತುತ್ತದೆ, ಕಣ್ಣಿಗೆ ಹತ್ತುವುದಿಲ್ಲ. ಗೇಟಿನ ಹೊರಗೆ ಬರೆದುಕೊಡುವವನೊಬ್ಬ ಕೂತಿರುತ್ತಿದ್ದ.

"ಏನ್ ಕೇಸು?" ಅಂದ.

"ಮಾತ್ರೆ."

"ಓ, ಮಾತ್ರೆ ಗಿರಾಕಿನಾ." ಹಾಗೆಂದು ಪಕ್ಕದವನ ಕಡೆ ನೋಡಿ ನಕ್ಕ. ಕೊಲೆ ಕೇಸಿನವನ ಅಮ್ಮ ನನ್ನ ಮುಂದೆ ನಿಂತಿದ್ದಳು. ಅವಳಿಗೆ ಕೂರಲು ಸ್ಟೂಲು ಕೊಟ್ಟಿದ್ದ.

ಒಳಗೆ ಬಲೆಯ ಆ ಕಡೆ ಅವರು, ಈ ಕಡೆ ನಾವು. ಎಲ್ಲರೂ ಒಟ್ಟಿಗೆ ಕಿರುಚುವುದು. ಮೊದಲ ಸಲ ನೋಡಿದಾಗ ನಿಮ್ಮಪ್ಪನಿಗೆ ನಿಲ್ಲಲೂ ಆಗುತ್ತಿರಲಿಲ್ಲ. ಮೂಗು ಸೋರುತ್ತಿತ್ತು, ಮೈಯೆಲ್ಲ ಮುಳ್ಳೆದ್ದು ಪುಕ್ಕ ಕಿತ್ತ ಕೋಳಿಯ ಹಾಗಿತ್ತು. ವಾಂತಿ ಭೇದಿಯಂತೆ. ಮಾತ್ರೆ ಸಿಗದೆ ಮೈ ಕೇಳುವ ಕೇಳಿಕೆ ಅದು. ಕಾವಲಿನವನು ನಾಟಕ ಅಂದನಂತೆ. ಕೋಣೆಯವರು ವಾಸನೆ ತಾಳದೆ ಅವನನ್ನು ಕಕ್ಕಸಿನ ಪಕ್ಕಕ್ಕೆ ತಳ್ಳಿ, ಮೇಲೆ ನೀರು ಸುರಿದರಂತೆ.

"ಅವ್ವ, ಬಿಡುಸ್ಕೊಂಡು ಹೋಗು," ಅಂದ.

ನನಗೆ ಬಾಡಿದ ಟೊಮೆಟೊ ನೆನಪಾಯಿತು. "ಮಾಡಿದ್ದುಣ್ಣೋ ಮಹರಾಯ," ಅಂದೆ. ಆ ಗದ್ದಲದಲ್ಲಿ ಅವನಿಗೆ ಕೇಳಿಸಿತೋ ಇಲ್ಲವೋ.

ಮುಂದಿನ ಸಲ ಹೋದಾಗ ನೆಟ್ಟಗೆ ನಿಂತಿದ್ದ, ಮುಖ ತೊಳೆದಿದ್ದ. ಕೆಳತುಟಿ ಒಡೆದಿತ್ತು. ಜೈಲಿನ ಡಾಕ್ಟರು ಅವನಿಗೆ ಔಷಧಿ ಶುರುಮಾಡಿದ್ದರು.

"ಏನ್ಲಾ ಔಷಧಿ?"

"ಮಾತ್ರೆ. ನಾಲಿಗೆ ಕೆಳಗೆ ಮಡಗ್ತಾರೆ. ಬೆಳಿಗ್ಗೆ ಸಾಲಾಗಿ ಕೂರಿಸ್ತಾರೆ. ಕರಗೋಗಂಟ ಮಾತಾಡಂಗಿಲ್ಲ, ಉಗುಳಂಗಿಲ್ಲ. ಆಮೇಲೆ ಆ ಅನ್ನು ಅಂತಾರೆ. ಸಂತೆಲಿ ಎತ್ತಿನ ಹಲ್ಲು ನೋಡ್ದಂಗೆ ನೋಡ್ತಾರೆ."

"ಯಾಕಂತೆ?"

"ಬಾಯಲ್ಲೇ ಮಡಿಕ್ಕೊಂಡೋಗಿ ಒಳಗೆ ಮಾರ್ಕೋತಾರೆ ಅಂತ."

"ತುಟಿಗೇನಾಯ್ತು?"

"ಉಗುಳಿ ಕೊಡು ಅಂದ ಒಬ್ಬ. ಕೊಡನಿಲ್ಲ."

ನನಗೆ ರೇಗಿಹೋಯಿತು. ಮಾತ್ರೆ ತಿಂದು ಕೆಟ್ಟವನಿಗೆ ಸರ್ಕಾರವೇ ಮಾತ್ರೆ ಕೊಡುತ್ತದಂತೆ, ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ. ಹೊರಗೆ ಬರುವಾಗ ಅಲ್ಲಿನ ಕೌನ್ಸೆಲರ್ ನನ್ನನ್ನು ಕರೆಸಿದರು. ಅವರಿಗೆ ಕನ್ನಡ ಬಾರದು, ತೆಲುಗಿನಲ್ಲಿ ಮಾತಾಡಿದರು. ನಮ್ಮ ಕಡೆಯವರಿಗೆ ತೆಲುಗು ಕಷ್ಟವಲ್ಲ. ಮುಖದಲ್ಲಿ ಒಂದು ಚೂರು ಪ್ರೀತಿ ಇರಲಿಲ್ಲ. ನಾನು ಸೆರಗು ಬಾಯಿಗಿಟ್ಟುಕೊಂಡಿದ್ದು ಕಂಡು, "ಅಳೋದಾದ್ರೆ ಬಸ್ಸಲ್ಲಿ ಅಳಿ, ಈಗ ಕೇಳಿಸ್ಕೊಳ್ಳಿ," ಅಂದರು.

ಮಾತ್ರೆಗೆ ಮಾತ್ರೆ ಯಾಕೆ ಎಂದು ಗೋಡೆ ನೋಡುತ್ತಾ ಕೇಳಿದೆ.

"ನಿಮ್ಮ ಯಜಮಾನ್ರು ಹೇಗೆ ಹೋದ್ರು?"

"ಸಕ್ಕರೆ ಕಾಯಿಲೆ."

"ಇನ್ಸುಲಿನ್ ಹಾಕ್ತಿದ್ರಾ?"

"ಹಾಕ್ತಿದ್ರು. ಆಮೇಲೆ ನಮ್ಮ ಬಾವ ಒಂದು ಬೇರಿನ ಔಷಧಿಗೆ ಕರ್ಕೊಂಡು ಹೋದ್ರು, ಸೂಜಿ ನಿಲ್ಲಿಸಿದ್ರು."

ಅವರು ಪೆನ್ನಿನ ಮುಚ್ಚಳ ಹಾಕಿದರು. ಆಮೇಲೆ ಹೇಳಿದ್ದು ಇಷ್ಟು. ಈ ಔಷಧಿಯಿಂದ ಅಮಲು ಏರುವುದಿಲ್ಲ, ಮೈಯ ಕೇಳಿಕೆ ನಿಲ್ಲುತ್ತದೆ. ಹೊರಗೆ ಬಂದ ಮಾರನೇ ದಿನವೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಅಲ್ಲಿಯೂ ಹೀಗೇ ದಿನಾ ಕೊಡುತ್ತಾರೆ. ನಡುವೆ ನಿಲ್ಲಿಸಬಾರದು. "ಇಂಥೋರು ಜಾಸ್ತಿ ಸಾಯೋದು ಜೈಲಲ್ಲಿ ಅಲ್ಲಮ್ಮ, ಬಿಡುಗಡೆ ಆದ ಹೊಸದ್ರಲ್ಲಿ. ಹಳೇ ಅಳತೆ ಮೈಗೆ ಮರೆತೋಗಿರುತ್ತೆ, ಕೈಗೆ ಮರೆತಿರಲ್ಲ. ಅದೇ ಅಳತೆ ಸೂಜಿ ಹಾಕ್ಕೊಂಡ್ರೆ ಉಸಿರು ನಿಲ್ಲುತ್ತೆ. ತಿಳೀತಾ?"

ತಿಳಿಯಿತು ಎಂದು ತಲೆ ಆಡಿಸಿದೆ.

"ತಲೆ ಆಡಿಸ್ಬೇಡಿ, ಬಾಯಲ್ಲಿ ಹೇಳಿ."

"ತಿಳೀತು," ಅಂದೆ. ಆ ಮನುಷ್ಯನ ಮೇಲೆ ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಬಸ್ಸಿನಲ್ಲಿ ಅಳಲೂ ಇಲ್ಲ, ಅವರು ಹೇಳಿದ್ದನ್ನೇ ಕೃಷ್ಣಗಿರಿ ಬರುವವರೆಗೂ ಮನಸ್ಸಿನಲ್ಲಿ ತಿರುಗಿಸುತ್ತಾ ಬಂದೆ.

ಜಾಮೀನಿಗೆ ಜಮೀನಿರುವವರು ಬೇಕು. ನಮ್ಮ ಪಾಲಿನ ಜಮೀನು ಇವತ್ತಿಗೂ ಬಾವನ ಹೆಸರಿನಲ್ಲಿದೆ, ಪಾಲು ಮಾಡಿಕೊಟ್ಟಿಲ್ಲ. ನಿಮ್ಮಮ್ಮ ಹೊಸೂರಿನ ಫೋನ್ ಬಿಡಿಭಾಗದ ಕಂಪನಿಯಿಂದ ಶಿಫ್ಟ್ ಮುಗಿಸಿ ಬಂದು ಚಪ್ಪಲಿ ಬಿಡುತ್ತಾ ಅಂದಳು: "ಅಲ್ಲೇ ಇರ್ಲಿ ಬಿಡತ್ತೆ. ಇದ್ದಷ್ಟು ದಿನ ಮಕ್ಳು ನೆಮ್ಮದಿಯಾಗಿ ಉಣ್ತಾವೆ." ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ಉರಿಯಿತು.

ಆಗ ಬಾವನೇ ಜಾಮೀನು ಹಾಕುತ್ತೇನೆ ಎಂದು ಹೇಳಿಕಳಿಸಿದರು. ಸುದ್ದಿ ತಂದವಳು ಅಕ್ಕ.

"ಸುಮ್ಕೆ ಅಲ್ಲ ಕಣೆ. ಜೈಲಿಂದ ನೆಟ್ಟಗೆ ಮುನೇಶ್ವರನ ಗುಡಿಗೆ. ದಾರ ಕಟ್ಟುಸ್ಕೋಬೇಕು. ಒಪ್ಪಿದ್ರೆ ಸೈನು, ಇಲ್ದಿದ್ರೆ ಇಲ್ಲ."

ದಾರ ಅಂದರೇನು ಎಂದು ನಿಮಗೆ ಹೇಳಬೇಕು. ಡೆಂಕಣಿಕೋಟೆಯಿಂದ ಆಚೆ ಕಾಡಂಚಿನಲ್ಲಿರುವ ಆ ಗುಡಿಗೆ ಕುಡುಕರನ್ನು ಕರೆದುಕೊಂಡು ಹೋಗುತ್ತಾರೆ. ಪೂಜಾರಿ ಬಲಗೈಗೆ ಕೆಂಪು ದಾರ ಕಟ್ಟುತ್ತಾನೆ. ಕುಡುಕ ಕರ್ಪೂರ ಮುಟ್ಟಿ, ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಅಮಲಿನ ಪದಾರ್ಥ ನಾಲಿಗೆಗೆ ಸೋಕಿಸುವುದಿಲ್ಲ ಎಂದು ಮಕ್ಕಳ ಮೇಲೆ ಆಣೆ ಇಡುತ್ತಾನೆ. ಮಂಡಲ ತುಂಬುವುದರೊಳಗೆ ದಾರ ಬಿಚ್ಚಿದರೆ ಆಣೆಯ ಕೇಡು ಬಿಚ್ಚಿದವರಿಗೆ. ಕುಡಿತ ಬಿಟ್ಟವರಿದ್ದಾರೆ, ನಾನು ಕಂಡಿದ್ದೇನೆ. ದೇವರನ್ನು ನಾನು ಬಯ್ಯುತ್ತಿಲ್ಲ. ಆದರೆ ಆ ಆಣೆ ಮಾಡಿದ್ದು ಸಾರಾಯಿಗೆ.

"ಅಕ್ಕ, ಅವನಿಗೆ ಆಸ್ಪತ್ರೆ ಮಾತ್ರೆ ಕೊಡ್ತಾವ್ರೆ. ನಾಲಿಗೆ ಕೆಳಗೆ ಇಡೋದು. ಅದು ನಿಲ್ಲಬಾರ್ದಂತೆ. ಬಾವನಿಗೆ ಹೇಳು."

ಅಕ್ಕ ಹೋಗಿ ಹೇಳಿದ್ದು ಕಿಟಕಿಯಿಂದ ನನಗೂ ಕೇಳಿಸಿತು: "ಇನ್ನೂ ಮಾತ್ರೆ ತಿನ್ನಬೇಕಂತೆ ನೋಡಿ." ಅಷ್ಟೇ. ನಾನು ಹೇಳಿದ್ದರಲ್ಲಿ ಅದೊಂದು ಜರಡಿಯಿಂದ ಕೆಳಗೆ ಬಿತ್ತು.

"ಜೈಲಲ್ಲೂ ಅದನ್ನೇ ತಿಂತಾವ್ನಾ?" ಅಂದರು ಬಾವ. "ಅದಕ್ಕೇ ಬೇಗ ಕರ್ಕೊಂಡು ಬರಬೇಕು."

ಬಿಡುಗಡೆಯ ದಿನ ಬಾವ ಒಂದು ವ್ಯಾನು ಮಾಡಿಸಿದರು. ನೀವಿಬ್ಬರೂ ಬಂದಿದ್ದಿರಿ, ನೆನಪಿದೆಯಾ? ಅಪ್ಪ ದೂರದೂರಿನ ಕೆಲಸ ಮುಗಿಸಿ ಬರುತ್ತಾನೆ ಎಂದು ನಿಮಗೆ ಹೇಳಿದ್ದೆವು. ಜೈಲಿನ ಗೇಟು ಕಾಣದ ಹಾಗೆ ವ್ಯಾನು ಬಹಳ ದೂರ ನಿಂತಿತ್ತು. ಕೌನ್ಸೆಲರ್ ಆಸ್ಪತ್ರೆಗೆಂದು ಬರೆದುಕೊಟ್ಟ ಚೀಟಿಯನ್ನು ನಿಮ್ಮಪ್ಪ ನನ್ನ ಕೈಗೆ ಕೊಡಲು ಬಂದ. ಬಾವ ನಡುವೆ ಕೈ ಹಾಕಿ ಇಸಿದುಕೊಂಡು, ಓದದೆ, ಅಂಗಿಯ ಜೇಬಿಗೆ ಹಾಕಿಕೊಂಡರು. ನಾನು ಸೆರಗು ಮುಂದಕ್ಕೆಳೆದುಕೊಂಡು ಹಿಂದಿನ ಸೀಟಿನಲ್ಲಿ ಕೂತೆ.

ಗುಡಿಯಲ್ಲಿ ಪೂಜಾರಿ ದಾರ ಕಟ್ಟಿದ. ನಿಮ್ಮನ್ನು ಮುಂದೆ ನಿಲ್ಲಿಸಿ, ನಿಮ್ಮಪ್ಪನ ಕೈಯನ್ನು ಒಬ್ಬೊಬ್ಬರ ತಲೆಯ ಮೇಲೆ ಇಡಿಸಿದ. ನಾಲಿಗೆಗೆ ಸೋಕಿಸುವುದಿಲ್ಲ, ಸೋಕಿಸಿದರೆ ಈ ಮಕ್ಕಳಿಗೆ ಕೇಡು. ಅವನು ಹೇಳಿದ. ಚಿಕ್ಕವನೇ, ನಿನಗೆ ನಗು ಬಂದು ದೊಡ್ಡತಾತ ತಲೆಗೊಂದು ಮೊಟಕಿದರು. ನಾನು ಅಕ್ಕನ ಕಿವಿಯಲ್ಲಿ, "ನಾಳೆ ಆಸ್ಪತ್ರೆಗೆ ಹೋಗೋದು ಹೇಳಕ್ಕ," ಅಂದೆ. ಅಕ್ಕ ಹೇಳಲಿಲ್ಲ. ಕರ್ಪೂರ ಆರತಿಗೆ ಕೈ ಮುಗಿದುಕೊಂಡಿದ್ದಳು.

ಮಾರನೇ ದಿನ ಬಾವ ಹಗ್ಗದ ಮಂಚ ತರಿಸಿ ನಮ್ಮ ಜಗುಲಿಯ ಮೇಲೆ ಹಾಕಿಸಿದರು. ಊಟ, ನಿದ್ದೆ, ಎಲೆಅಡಿಕೆ ಎಲ್ಲ ಅಲ್ಲೇ. ರಾಗಿ ಹೊಲಕ್ಕೆ ಆನೆ ಬರುತ್ತದೆ, ಕಾವಲಿಗೆ ಹೋಗಿ ಅಂದರೆ ಮಂಡಿನೋವು ಅನ್ನುವವರು, ನಿಮ್ಮಪ್ಪನ ಕಾವಲಿಗೆ ಮಂಡಿನೋವಿಲ್ಲದೆ ಕೂತರು. ಹಾಲು ಹಾಕಲು ಹೋಗುವವರೆಲ್ಲ ನಿಂತು ನೋಡುವರು. ಒಬ್ಬ ಕ್ಯಾನು ಕೆಳಗಿಟ್ಟು, "ಏನಣ್ಣ, ಮೃಗಾಲಯ ತೆಗ್ದಿದೀಯಾ?" ಅಂದ. ಬಾವನಿಗೆ ಅದು ಬಹಳ ಹಿಡಿಸಿತು. "ಟಿಕೆಟ್ ಇಲ್ಲ, ನೋಡ್ಕೊಂಡು ಹೋಗು," ಅಂದರು. ಒಳಗೆ ನಿಮ್ಮಪ್ಪನಿಗೆ ಅಷ್ಟೂ ಕೇಳಿಸುತ್ತಿತ್ತು.

ಜೈಲಿನ ಔಷಧಿ ಮೈಯಲ್ಲಿ ಇರುವಷ್ಟು ದಿನ ಸುಮ್ಮನಿದ್ದ. ಆಮೇಲೆ ಆಕಳಿಕೆ ಶುರುವಾಯಿತು, ಒಂದರ ಹಿಂದೆ ಒಂದು, ದವಡೆ ಬಿರಿಯುವ ಹಾಗೆ. ಮೂಗು, ಕಣ್ಣು, ಬೆವರು. ಕಾಲು ಸೆಳೆತ ತಾಳದೆ ಗೋಡೆಗೆ ಒದೆಯುತ್ತಿದ್ದ. ಅದೇ ಕೇಳಿಕೆ. ನಾನು ಅಕ್ಕನ ಹತ್ತಿರ ಹೇಳಿದೆ, ಬಾಗಿಲ ಹಿಂದೆ ನಿಂತು ಗಟ್ಟಿಯಾಗಿ ಕೆಮ್ಮಿ ಹೇಳಿದೆ, ಗೋಡೆಗೂ ಹೇಳಿದೆ. ಬಾವ ಉತ್ತರ ಕೊಡುತ್ತಿದ್ದದ್ದೂ ಗೋಡೆಗೇ: "ದೇವ್ರು ಒಳಗಿನ ವಿಷ ಎಳೀತಾವ್ನೆ. ಬರಲಿ ಬುಡು."

ಅಂದು ಬೆಳಿಗ್ಗೆ ನಿಮ್ಮನ್ನು ಶಾಲೆಗೆ ಕಳಿಸಿ ಅವನಿಗೆ ಗಂಜಿ ತೆಗೆದುಕೊಂಡು ಹೋದೆ. ಕೈಯ ದಾರವನ್ನೇ ತಿರುಗಿಸುತ್ತಾ ಕೂತಿದ್ದ. ಮುಖದಲ್ಲಿ ಒಂದು ಥರಾ ನೆಮ್ಮದಿ. ಅದನ್ನು ಕಂಡು ನನಗೆ ಹೆದರಿಕೆಯಾಯಿತು.

"ಅವ್ವ, ನಿನ್ನ ಫೋನ್ ಕೊಡು. ಹೊಸೂರಿನೋನಿಗೆ ಒಂದು ಮಾತು ಹೇಳ್ಬೇಕು."

"ಯಾವನ್ಲಾ?"

"ಗೊತ್ತಿರೋನೇ."

"ಆಣೆ ಇಟ್ಟಿದೀಯ ಕಣ್ಲಾ, ಮಕ್ಕಳ ತಲೆ ಮೇಲೆ."

"ನಾಲಿಗೆಗೆ ತಾನೇ ಸೋಕಿಸಲ್ಲ ಅಂದಿದ್ದು? ಸೂಜಿ ನಾಲಿಗೆಗೆ ಹಾಕ್ತಾರಾ?" ನಕ್ಕ. "ಒಂದೇ ಒಂದು ಸಲ. ಮಕ್ಕಳಿಗೇನೂ ಆಗಲ್ಲ."

"ಹಂಗಾದ್ರೆ ಆಸ್ಪತ್ರೆಗೆ ಹೋಗನ ನಡಿ."

"ಅದು ನಾಲಿಗೆಗೆ ಇಡೋದು. ಅದಾಗಲ್ಲ ಅವ್ವ, ಮಕ್ಕಳಿಗೆ ತಗಲುತ್ತೆ." ಇದನ್ನು ಹೇಳುವಾಗ ಅವನ ಕಣ್ಣಲ್ಲಿ ಮೋಸವಿರಲಿಲ್ಲ. ನಿಮಗೆ ಕೇಡಾಗುತ್ತದೆಂದು ನಿಜವಾಗಿಯೂ ಹೆದರಿದ್ದ.

ನೋಡಿ, ಹೇಗೆ ಕಟ್ಟಿದ್ದರು ದಾರವನ್ನು. ಬದುಕಿಸುವ ಬಾಗಿಲು ಮುಚ್ಚಿ, ಸಾಯಿಸುವ ಬಾಗಿಲು ಹಾರುಹೊಡೆದಿದ್ದರು. ಮಂಚ ಹಾಕಿಕೊಂಡು ಎಷ್ಟು ದಿನ ಕಾಯುತ್ತಾರೆ? ಬಾವ ಎಲೆ ಉಗುಳಲು ಎದ್ದ ಹೊತ್ತು ಸಾಕು, ಇವನು ಹಿತ್ತಲಿನಿಂದ ಹೊಸೂರು ಬಸ್ಸು ಹತ್ತುತ್ತಾನೆ. ಕೈಗೆ ಹಳೇ ಅಳತೆ ಮರೆತಿಲ್ಲ. ಗಂಜಿಯ ಲೋಟ ಕೆಳಗಿಟ್ಟೆ.

ಅಡಿಗೆಮನೆಯ ಮೂಲೆಯಲ್ಲಿ ಕುಡುಗೋಲು ಇತ್ತು. ತೆಗೆದುಕೊಂಡು, ನಿಮ್ಮಪ್ಪನ ರಟ್ಟೆ ಹಿಡಿದು ಜಗುಲಿಗೆ ಎಳೆದುಕೊಂಡು ಬಂದೆ. ಅವನಿಗೆ ತಡೆಯುವ ಶಕ್ತಿಯೂ ಇರಲಿಲ್ಲ. ಬಾವ ಮಂಚದ ಮೇಲೆ ಕೂತಿದ್ದರು, ಅಕ್ಕ ಮೆಟ್ಟಿಲ ಮೇಲೆ ಸೊಪ್ಪು ಬಿಡಿಸುತ್ತಿದ್ದಳು. ಹಾಲಿನ ಕ್ಯಾನಿನ ಇಬ್ಬರು ಮೂವರು ಬೀದಿಯಲ್ಲಿದ್ದರು. ನಾನು ಹೋಗಿ ಬಾವನ ಎದುರಿಗೇ ನಿಂತೆ. ಎರಡು ಕೈಯಲ್ಲೂ ಕೆಲಸವಿತ್ತು, ಸೆರಗು ತಲೆಯಿಂದ ಜಾರಿದ್ದನ್ನು ಸರಿಮಾಡಿಕೊಳ್ಳಲು ಮೂರನೇ ಕೈ ಇರಲಿಲ್ಲ.

"ಬಾವ, ಅವತ್ತು ಜೇಬಿಗೆ ಹಾಕ್ಕೊಂಡ ಚೀಟಿ ಕೊಡಿ. ಇವನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ."

ಅವರು ನನ್ನ ಕಡೆ ನೋಡಲೇ ಇಲ್ಲ. ಹೆಂಡತಿಯ ಕಡೆ ತಿರುಗಿ, "ಅವಳನ್ನ ಒಳಕ್ಕೆ ಹೋಗು ಅನ್ನು," ಅಂದರು.

ಅಕ್ಕ ಬಾಯಿ ತೆರೆದಳು. "ಒಳಕ್ಕೆ ಹೋಗ..."

"ಅಕ್ಕನ ಕೈಲಿ ಹೇಳಿಸ್ಬೇಡಿ. ನನಗೆ ಕಿವಿ ಕೇಳುತ್ತೆ."

ಬೀದಿಯಲ್ಲಿ ಒಬ್ಬ ಕಿಸಕ್ಕೆಂದ. ಬಾವನ ಕತ್ತು ಕೆಂಪಗಾಯಿತು. ಆದರೂ ಹೆಂಡತಿಗೇ ಹೇಳಿದರು: "ದಾರ ಇರೋಗಂಟ ಯಾವ ಮಾತ್ರೇನೂ ಇಲ್ಲ ಅನ್ನು. ಬಿಚ್ಚಿದ್ರೆ ನಾಳೆನೇ ಕೋರ್ಟಿಗೋಗಿ ಜಾಮೀನು ವಾಪಸ್ ತಗೋತೀನಿ ಅನ್ನು. ಮಗ ಮತ್ತೆ ಒಳಗೋಗ್ತಾನೆ ಅನ್ನು."

"ತಗೊಳ್ಳಿ," ಅಂದೆ.

ಆಗ ಮೊದಲ ಸಲ ನನ್ನ ಮುಖ ನೋಡಿದರು.

"ಒಳಗೆ ಹೋದ್ರೆ ಬೆಳಿಗ್ಗೆ ಎದ್ದು ಕರೆದು ಔಷಧಿ ಕೊಡ್ತಾರೆ. ಬಾಯಿ ತೆರೆಸಿ ನೋಡ್ತಾರೆ. ಇಲ್ಲಿ ನಿಮ್ಮ ಮಂಚ ಬಿಟ್ರೆ ಏನೈತೆ? ತಮ್ಮನಿಗೆ ಬೇರಿನ ಔಷಧಿ ಕೊಡಿಸಿದ್ರಿ. ಬಾಗಿಲ ಹಿಂದೆ ನಿಂತು ನೋಡ್ದೆ. ಇವನು ಸಾಯೋದನ್ನ ಬಾಗಿಲ ಹಿಂದೆ ನಿಂತು ನೋಡಲ್ಲ."

"ಎಷ್ಟ್ ಮಾತಾಡ್ತಾಳೆ ಇವ್ಳು," ಅಂದರು ಬಾವ, ಯಾರಿಗೆ ಎಂದು ಗೊತ್ತಾಗಲಿಲ್ಲ. "ಕೇಬಲ್ ಕದ್ದೋನಿಗೆ ಜಾಮೀನು ಹಾಕಿದ್ದಕ್ಕೆ ಇದು ನನಗೆ ಮರ್ಯಾದೆ."

"ಕೇಬಲ್ ಕದ್ದಿದ್ದಕ್ಕೆ ಜೈಲಿಗೆ ಹಾಕ್ಸಿದ್ರಿ, ನ್ಯಾಯ. ಅದಕ್ಕೆ ನಾನು ಒಂದು ಮಾತು ಅಂದಿಲ್ಲ. ಇದಕ್ಕೆ ಅಂತೀನಿ."

ನಿಮ್ಮಪ್ಪನ ಕೈ ಮೇಲೆತ್ತಿ ಹಿಡಿದು ಕುಡುಗೋಲಿನ ಮೂತಿಯನ್ನು ದಾರದೊಳಗೆ ತೂರಿಸಿದೆ. ಅವನು, "ಬ್ಯಾಡ ಅವ್ವ, ಮಕ್ಳು," ಅಂದ. ಅಕ್ಕ ಸೊಪ್ಪಿನ ಮೊರ ಬಿಟ್ಟು ಎದ್ದಳು. "ಲೇ, ಕೊಯ್ದೋರ ತಲೆಗೆ ಬರುತ್ತೆ ಕಣೆ."

"ಬರಲಿ. ಮಕ್ಕಳ ತಲೆಯಿಂದ ಇಳಿದು ನನ್ನ ತಲೆಗೆ ಬರಲಿ." ಎಳೆದೆ, ದಾರ ತುಂಡಾಯಿತು. ರಾಗಿ ತೆನೆಯಷ್ಟೂ ಗಟ್ಟಿ ಇರಲಿಲ್ಲ.

ಬಾವ ಮಂಚದಿಂದ ಎದ್ದರು. ಹೊಡೆಯುತ್ತಾರೆ ಅಂದುಕೊಂಡೆ. ಹೊಡೆಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಚೀಟಿ ಕೊಡದೆ ನಡೆದರು.

ಚೀಟಿಯಿಲ್ಲದೆಯೇ ನಿಮ್ಮಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಕಿಟಕಿಯ ಹಿಂದಿದ್ದ ಹೆಂಗಸು ಡಾಕ್ಟರು ರಜೆ, ಸೋಮವಾರ ಬನ್ನಿ, ಜೈಲಿನ ಚೀಟಿ ತನ್ನಿ ಅಂದಳು. ನಾನು ತೆಲುಗಿನಲ್ಲಿ, ಹರಕು ತಮಿಳಿನಲ್ಲಿ ಬೇಡಿದೆ. "ಎಲ್ಲ ಮಾತ್ರೆ ಗಿರಾಕಿಗಳೂ ಹೀಗೇ ಅನ್ನೋದು," ಎಂದು ಕಿಟಕಿ ಎಳೆದುಕೊಂಡಳು. ಬಸ್ ಸ್ಟ್ಯಾಂಡಿನಲ್ಲಿ ನಿಮ್ಮಪ್ಪನ ಕಣ್ಣು ಒಂದೊಂದು ಅಂಗಡಿಯ ಸಂದಿಗೂ ಹೋಗುತ್ತಿತ್ತು. ನನ್ನ ಸೆರಗಿನ ತುದಿಯನ್ನು ಅವನ ಬೆರಳಿಗೆ ಸುತ್ತಿ ಹಿಡಿದುಕೊಂಡು ಕೂತೆ. ಜನ ನೋಡಿ ನಕ್ಕರು. ಸೋಮವಾರದವರೆಗೆ ಇವನನ್ನು ಹೀಗೆ ಹಿಡಿದುಕೊಂಡಿರಲು ನನ್ನಿಂದಾಗದು ಎಂದು ಅಲ್ಲೇ ತಿಳಿಯಿತು.

ಬಾವ ಹೇಳಿದ ಹಾಗೇ ಮಾರನೇ ದಿನ ಕೋರ್ಟಿಗೆ ಹೋದರು. ಓಡಿಹೋದ ಎಂದು ಯಾರೂ ಹೇಳದಿರಲಿ ಎಂದು ನಾನೂ ನಿಮ್ಮಪ್ಪನನ್ನು ಕರೆದುಕೊಂಡು ಹೋದೆ. ನಿಮ್ಮ ಸೋದರಮಾವ ತನ್ನ ಜಮೀನಿನ ಪಟ್ಟಾ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ, ನಿಮ್ಮಮ್ಮ ಕರೆಸಿದ್ದಳು. ಬಯ್ಯುತ್ತಾಳೆ, ಆದರೂ ಕರೆಸಿದ್ದಳು.

"ನಾನು ಹಾಕ್ತೀನತ್ತೆ ಜಾಮೀನು," ಅಂದ.

"ಈಗ ಬೇಡಪ್ಪ."

"ಬೇಡವಾ?"

"ಒಳಗೋಗಿ ಔಷಧಿ ಹಿಡೀಲಿ. ಆಸ್ಪತ್ರೇಲಿ ಅವನ ಹೆಸರು ಬರೆಸ್ಕೊಂಡ ಮೇಲೆ ಹಾಕು."

ನಿಮ್ಮಪ್ಪ ಇದನ್ನು ಕೇಳಿಸಿಕೊಂಡ. ಬೆರಳಿಗೆ ಸುತ್ತಿದ್ದ ನನ್ನ ಸೆರಗು ಬಿಟ್ಟ. ವಕೀಲರು ಒಳಗೆ ತಮಿಳಿನಲ್ಲಿ ಏನೋ ಹೇಳಿದರು, ಜಡ್ಜಮ್ಮ ಬೇರೆ ಜಾಮೀನು ಇದೆಯಾ ಎಂದು ಕೇಳಿದರು. ನಾನು ಇಲ್ಲ ಎಂದು ತಲೆ ಆಡಿಸಿದೆ. ಅವರೂ ಬಾಯಲ್ಲಿ ಹೇಳಿ ಅಂದರು. "ಇಲ್ಲ," ಅಂದೆ. ಬಾವ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಅವರಿಗೂ ಇದು ಬೇಕಿರಲಿಲ್ಲ, ನಾನು ಕಾಲಿಗೆ ಬೀಳುತ್ತೇನೆ ಅಂದುಕೊಂಡಿದ್ದರು.

ಪೊಲೀಸರು ಕರೆದುಕೊಂಡು ಹೋಗುವಾಗ ನಿಮ್ಮಪ್ಪ ಹೇಳಿದ ಮಾತನ್ನು ಇಲ್ಲಿ ಬರೆಯುವುದಿಲ್ಲ. ತಾಯಿಗೆ ಹೇಳುವ ಮಾತಲ್ಲ ಅದು.

ಆಮೇಲೆ ಎಷ್ಟು ಸಲ ಮನು ಹಾಕಿದರೂ ಅವನು ಬಲೆಯ ಹತ್ತಿರ ಬರಲಿಲ್ಲ. ಅಷ್ಟು ದೂರ ಹೋಗಿ, ಗೇಟಿನಲ್ಲಿ ಕಾಯ್ದು, ಬರಲ್ಲವಂತೆ ಎಂದು ಕೇಳಿಸಿಕೊಂಡು ವಾಪಸು ಬರುವುದು. ಕೌನ್ಸೆಲರ್ ಒಮ್ಮೆ ಗೇಟಿನ ಹತ್ತಿರ ಸಿಕ್ಕಿದರು. ನನ್ನನ್ನು ಬಯ್ದರು, ಮೊದಲೇ ಯಾಕೆ ಫೋನ್ ಮಾಡಲಿಲ್ಲ ಎಂದು. ಆಸ್ಪತ್ರೆಗೆ ತಾವೇ ಫೋನ್ ಮಾಡಿ ಹೇಳಿರುವುದಾಗಿಯೂ ಹೇಳಿದರು.

"ಔಷಧಿ ತಗೋತಾನಾ?"

"ದಿನಾ ಬರ್ತಾನೆ. ಬಾಯಿ ತೆರೆದು ತೋರಿಸ್ತಾನೆ. ನಿಮ್ಮ ಹೆಸರೆತ್ತಿದ್ರೆ ಮುಚ್ಕೋತಾನೆ."

"ಮುಚ್ಕೊಳ್ಳಿ," ಅಂದೆ. ಅವರು ನಕ್ಕದ್ದನ್ನು ನಾನು ಮೊದಲ ಸಲ ಕಂಡದ್ದು ಆಗಲೇ.

ಊರಿನಲ್ಲಿ ನನಗೆ ಕೇಡು ಬರುವುದನ್ನು ಎಲ್ಲರೂ ಕಾದರು. ಹಿತ್ತಲಿನಲ್ಲಿ ಕಾಲು ಜಾರಿದರೆ ಮುನೇಶ್ವರ, ಚಳಿಜ್ವರ ಬಂದರೆ ಮುನೇಶ್ವರ. ಅಕ್ಕ ಬಂದು ಹಣೆ ಮುಟ್ಟಿ ನೋಡಿ, "ಬುಡುತ್ತಾ ಅದು," ಅಂದಳು, ಜ್ವರ ಇದ್ದದ್ದಕ್ಕೆ ಸಮಾಧಾನವಾದ ಹಾಗೆ. ಬಾವ ನಮ್ಮ ಹೊಲಕ್ಕೆ ನೀರು ಬಿಡುವುದನ್ನು ನಿಲ್ಲಿಸಿದರು. ಬೀದಿಯಲ್ಲಿ ಎದುರಾದರೆ ಈಗ ಮುಖ ತಿರುಗಿಸುವವರು ಅವರು. ನಾನು ತಿರುಗಿಸುವುದಿಲ್ಲ. "ಬಾವ, ಊಟ ಆಯ್ತಾ?" ಎಂದು ಕೇಳುತ್ತೇನೆ. ಅದು ಅವರಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತದೆ ಎಂದು ಗೊತ್ತು, ಅದಕ್ಕೇ ಕೇಳುತ್ತೇನೆ.

ಸೋದರಮಾವ ಜಾಮೀನು ಹಾಕಿದ ಮೇಲೆ ನಿಮ್ಮಪ್ಪ ಬಂದ. ಈ ಸಲ ವ್ಯಾನಿಲ್ಲ, ಗುಡಿಯಿಲ್ಲ. ಬಸ್ಸಿಳಿದು ನೇರ ಆಸ್ಪತ್ರೆಗೆ ಹೋದೆವು. ಅದೇ ಕಿಟಕಿ, ಅದೇ ಹೆಂಗಸು. ಹೆಸರು ಕೇಳಿ, ಒಳಗೆ ಬಿಟ್ಟಳು. ಬೆಂಚಿನ ಮೇಲೆ ಐದಾರು ಜನ ಬಾಯಿ ಮುಚ್ಚಿಕೊಂಡು ಕೂತಿದ್ದರು, ಶಾಲೆಯಲ್ಲಿ ಮೇಷ್ಟ್ರು ಶಿಕ್ಷೆ ಕೊಟ್ಟ ಮಕ್ಕಳ ಹಾಗೆ. ನಿಮ್ಮಪ್ಪನೂ ಕೂತ. ಕರಗುವವರೆಗೂ ನಾನು ಎದುರಿಗೆ ನಿಂತಿದ್ದೆ. ಅವನು ಕಿಟಕಿಯ ಹೊರಗೆ ನೋಡುತ್ತಿದ್ದ.

ಊರಿನ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೂ ನನ್ನ ಹಿಂದೆ ಕೂತ. ಕೆಲಮಂಗಲ ದಾಟಿದ ಮೇಲೆ, ಹಿಂದಿನಿಂದಲೇ ಮಾತಾಡಿದ.

"ಮಕ್ಳ ಮಾವ ಪಟ್ಟಾ ತಂದು ನಿಂತಿದ್ದ. ನೀನೇ ಬ್ಯಾಡ ಅಂದೆ. ಜೈಲಿಗೆ ಬಿಟ್ಟು ಬಂದೆ."

"ಬಿಟ್ಟು ಬಂದೆ," ಅಂದೆ, ತಿರುಗಿ ನೋಡದೆ. "ನಾಳೆ ಬೆಳಿಗ್ಗೆ ಏಳೂವರೆ ಬಸ್ಸಿಗೆ ಆಸ್ಪತ್ರೆಗೆ ಹೊರಡು. ಹೊರಡದಿದ್ರೆ ಇನ್ನೊಂದು ಸಲ ಬಿಟ್ಟು ಬರ್ತೀನಿ."

ಮಾರನೇ ದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಬಚ್ಚಲಲ್ಲಿ ಅವನು ನೀರು ಹುಯ್ದುಕೊಳ್ಳುವ ಸದ್ದು ಕೇಳಿಸುತ್ತಿತ್ತು.